ಏಕಾದಶಿಯ ದಿನದ ಮಾತ್ರೆ

ಮೈಸೂರಿನ ಒಂದು ಸಣ್ಣ ವೃದ್ಧಾಶ್ರಮದಲ್ಲಿ ನಾನು ನರ್ಸಿಂಗ್ ಮೇಲ್ವಿಚಾರಕಿ. ನಮ್ಮಲ್ಲಿರುವ ಹಿರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಯಾರಿಗೆ ಯಾವ ಹೊತ್ತಿಗೆ ಯಾವ ಮಾತ್ರೆ ಎಂಬುದು ನಮ್ಮ ಎಂಎಆರ್ ಶೀಟಿನಲ್ಲಿ, ಅಂದರೆ ಔಷಧಿ ಕೊಟ್ಟದ್ದಕ್ಕೆ ಸಹಿ ಹಾಕುವ ಹಾಳೆಯಲ್ಲಿ, ಇರುತ್ತದೆ. ಯಾರು ಏನು ಉಣ್ಣುತ್ತಾರೆ, ಯಾರಿಗೆ ಒಪ್ಪತ್ತು, ಯಾರಿಗೆ ಉಪವಾಸ ಎಂಬುದು ಅಡುಗೆಮನೆಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿರುತ್ತದೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ. ಅದರ ಪರಿಣಾಮ ಒಂದು ಏಕಾದಶಿಯಂದು ನಮ್ಮ ಕಣ್ಣೆದುರಿಗೇ ಬಂದು ನಿಂತಿತು.

ಎಂಬತ್ತು ದಾಟಿದ ಒಬ್ಬ ತಾಯಿ ಚಿಕ್ಕಂದಿನಿಂದಲೂ ಏಕಾದಶಿ ಬಿಟ್ಟವರಲ್ಲ. ಅಡುಗೆಯವರಿಗೆ ಅದು ಗೊತ್ತಿತ್ತು. ಪೂಜೆ ಮುಗಿದ ಮೇಲೆ ಕೊಡಲೆಂದು ಹಾಲು, ಹಣ್ಣು ತೆಗೆದಿಟ್ಟಿದ್ದರು. ಬೆಳಗಿನ ಪಾಳಿಯ ನರ್ಸ್ ಎಂದಿನಂತೆ ಏಳೂವರೆಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎಂಬ ಎರಡು ಸಕ್ಕರೆ ಔಷಧಿಗಳಿರುವ ಮಾತ್ರೆ ಕೊಟ್ಟು ಸಹಿ ಹಾಕಿದಳು. ಔಷಧಿಯಿಂದ ಉಪವಾಸಕ್ಕೆ ಭಂಗವಿಲ್ಲವೆಂದು ನಂಬಿದ್ದ ಆ ತಾಯಿ ಅದನ್ನು ನೀರಿನಲ್ಲಿ ನುಂಗಿದರು. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವಾಗ ಹೊಟ್ಟೆಯಲ್ಲಿ ತಿಂಡಿ ಇದೆಯೋ ಇಲ್ಲವೋ ಎಂದು ಕಾಯುವುದಿಲ್ಲ. ಅದನ್ನು ದಿನದ ಮೊದಲ ಊಟದ ಜೊತೆಗೇ ಕೊಡಬೇಕೆನ್ನುವುದು ಇದೇ ಕಾರಣಕ್ಕೆ.

ಹನ್ನೊಂದು ಗಂಟೆಯ ಹೊತ್ತಿಗೆ ಆಯಾ ಬಂದು, ಅಮ್ಮನವರು ಉಪವಾಸದ ಸುಸ್ತಿನಲ್ಲಿ ಮಲಗಿದ್ದಾರೆ, ಕರೆದರೆ ಸರಿಯಾಗಿ ಮಾತಾಡುತ್ತಿಲ್ಲ ಎಂದಳು. ನಾನು ಹೋದಾಗ ಅವರ ನಾಲಿಗೆ ತೊದಲುತ್ತಿತ್ತು, ನನ್ನನ್ನು ಮಗಳ ಹೆಸರಿನಿಂದ ಕರೆದರು, ಬಲಗೈಯ ಹಿಡಿತ ಎಡಗೈಯದಕ್ಕಿಂತ ಸಡಿಲವಾಗಿತ್ತು. ಪಾರ್ಶ್ವವಾಯುವೆಂದೇ ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವಿರುವುದರಿಂದ, ಅವರು ಕೊನೆಯದಾಗಿ ಸರಿಯಾಗಿದ್ದದ್ದನ್ನು ಯಾರು, ಎಷ್ಟು ಹೊತ್ತಿಗೆ ನೋಡಿದರೆಂದು ಎಲ್ಲರನ್ನೂ ಕೇಳತೊಡಗಿದೆ, 108ಕ್ಕೆ ಕರೆ ಮಾಡಿಸಿದೆ, ಬಿಪಿ ನೋಡಿದೆ. ಅಮೂಲ್ಯವಾದ ನಿಮಿಷಗಳು ಹೀಗೆ ಹೋದವು.

ದಿಂಬು ಸರಿಪಡಿಸಲು ಅವರ ಬೆನ್ನ ಹಿಂದೆ ಕೈ ಹಾಕಿದಾಗ ರವಿಕೆ ಹಿಂಡಿದರೆ ನೀರು ಬರುವಷ್ಟು ತೊಯ್ದಿತ್ತು. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅವರು ಬಿಪಿ, ಹೃದಯದ ತೊಂದರೆಗಳಿಗೆ ಕೊಡುವ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರು. ಸಕ್ಕರೆ ಇಳಿದಾಗ ಬರುವ ನಡುಕ, ಎದೆಬಡಿತ ಎರಡನ್ನೂ ಆ ಔಷಧಿ ಮುಚ್ಚಿಡುತ್ತದೆ, ಬೆವರನ್ನು ಮಾತ್ರ ಮುಚ್ಚಿಡಲಾರದು. ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ರಕ್ತದ ಸಕ್ಕರೆ) ನೋಡಿ ಎಂದು ಕೂಗಿದೆ. ಗ್ಲುಕೋಮೀಟರ್ ಮೇಜಿನ ಮೇಲೆಯೇ ಇತ್ತು, ಆದರೆ ಸ್ಟ್ರಿಪ್ ಡಬ್ಬಿ ಖಾಲಿಯಾಗಿತ್ತು. ಹೊಸ ಡಬ್ಬಿ ಇದ್ದದ್ದು ಸ್ಟಾಕ್ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಇದ್ದದ್ದು ಆಫೀಸಿನವರ ಬಳಿ, ಆಫೀಸಿನವರು ಬ್ಯಾಂಕಿಗೆ ಹೋಗಿದ್ದರು. ಸ್ಟ್ರಿಪ್ಪುಗಳು ಪೋಲಾಗುತ್ತವೆಂದು ಬೀಗ ಹಾಕಿಸಿದ್ದು ಆಡಳಿತದ ತೀರ್ಮಾನ. ಕೊನೆಗೆ ಪಕ್ಕದ ಕೋಣೆಯ ಹಿರಿಯರೊಬ್ಬರ ಸ್ವಂತ ಮೀಟರ್ ತಂದು ನೋಡಿದಾಗ 41 ಬಂತು. 70ಕ್ಕಿಂತ ಕಡಿಮೆ ಇದ್ದರೇ ಎಚ್ಚರವಾಗಬೇಕು. 54ಕ್ಕಿಂತ ಕೆಳಗೆ ಇಳಿದರೆ ಮಿದುಳೇ ಬಳಲುತ್ತದೆ. ಸಕ್ಕರೆ ಇಳಿದಾಗಲೂ ಒಂದು ಪಕ್ಕದ ಬಲ ಕುಂದಬಹುದೆಂಬುದನ್ನು ನಾನು ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ನುಂಗುವ ಶಕ್ತಿ ಇನ್ನೂ ಇದ್ದದ್ದು ನಮ್ಮ ಪುಣ್ಯ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕುವಂತಿರಲಿಲ್ಲ. ಅವರನ್ನು ನೆಟ್ಟಗೆ ಒರಗಿಸಿ ಕೂರಿಸಿ, ಸುಮಾರು 15 ಗ್ರಾಂ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದೆವು. ಹದಿನೈದು ನಿಮಿಷದ ಮೇಲೆ 58 ಆಯಿತು. ಮತ್ತೆ ಅಷ್ಟೇ ಕುಡಿಸಿದ ಮೇಲೆ 83. ಮಾತು ತಿಳಿಯಾದ ಕೂಡಲೇ ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದ್ದು, ಕೊಟ್ಟದ್ದರಲ್ಲಿ ಧಾನ್ಯದ ಅಂಶವೇನೂ ಇರಲಿಲ್ಲ ತಾನೇ ಎಂದು. ಇಲ್ಲವೆಂದ ಮೇಲೆ ಹಾಲು ಕುಡಿದು ಬಾಳೆಹಣ್ಣು ತಿಂದರು. ಗ್ಲಿಮೆಪಿರೈಡ್‌ನ ಪ್ರಭಾವ ಒಂದು ದಿನದವರೆಗೂ ಇರಬಹುದು, ವಯಸ್ಸಾದವರ ಮೂತ್ರಪಿಂಡ ಬಳಲಿದ್ದರೆ ಇನ್ನೂ ಹೆಚ್ಚು ಹೊತ್ತು ಎಂದು ವೈದ್ಯರು ಫೋನಿನಲ್ಲಿ ಹೇಳಿದ್ದರಿಂದ ಬಂದ ಆಂಬುಲೆನ್ಸಿನಲ್ಲೇ ಆಸ್ಪತ್ರೆಗೆ ಕಳುಹಿಸಿದೆವು. ಕಳುಹಿಸಿದ್ದು ಒಳ್ಳೆಯದೇ ಆಯಿತು; ಸಂಜೆ ಅಲ್ಲಿ ಸಕ್ಕರೆ ಮತ್ತೆ ಇಳಿದು ಡೆಕ್ಸ್ಟ್ರೋಸ್ (ಗ್ಲುಕೋಸ್) ಡ್ರಿಪ್ ಹಾಕಬೇಕಾಯಿತು.

ಆಡಳಿತ ಮಂಡಳಿಗೆ ಬೇಕಾಗಿದ್ದದ್ದು ಬೆಳಗಿನ ನರ್ಸ್‌ಳ ಹೆಸರು. ನಾನು ಬರೆದುಕೊಡಲಿಲ್ಲ. ಅವಳು ಶೀಟಿನಲ್ಲಿದ್ದುದನ್ನೇ ಮಾಡಿದ್ದಳು, ಅಡುಗೆಯವರು ತಮ್ಮ ಪಟ್ಟಿಯಲ್ಲಿದ್ದುದನ್ನೇ ಮಾಡಿದ್ದರು. ಒಬ್ಬಳಿಗೆ ಮೆಮೊ ಕೊಟ್ಟು ಫೈಲು ಮುಚ್ಚಿದ್ದರೆ ಮುಂದಿನ ಏಕಾದಶಿಗೆ ಅದೇ ಮಾತ್ರೆ ಅದೇ ಹೊತ್ತಿಗೆ ಇನ್ನೊಬ್ಬರ ಕೈಯಿಂದ ಹೋಗುತ್ತಿತ್ತು. ಈ ಮಾತನ್ನು ಒಪ್ಪಿಸಲು ಎರಡು ಮೀಟಿಂಗ್ ಬೇಕಾದವು, ಅದರ ನಡುವೆ ಕಾರಿಡಾರಿಗೆ ಸಿಸಿಟಿವಿ ಬಂತು. ಮಾತ್ರೆ ಕೊಟ್ಟದ್ದನ್ನು ಕ್ಯಾಮೆರಾ ತೋರಿಸಬಲ್ಲದು, ಉಪವಾಸವನ್ನು ತೋರಿಸಲಾರದು.

ಈಗ ಸಕ್ಕರೆಯ ಮಾತ್ರೆ ಮತ್ತು ಇನ್ಸುಲಿನ್ ತಟ್ಟೆಯ ಹಿಂದೆ ಹೋಗುತ್ತವೆ: ತಿಂಡಿ ಎದುರಿಗೆ ಬಂದು, ಅವರು ತಿನ್ನಲು ಶುರುಮಾಡಿದ್ದನ್ನು ನೋಡಿದ ಮೇಲೆಯೇ ನರ್ಸ್ ಕೊಡುತ್ತಾಳೆ. ಏಕಾದಶಿ, ಶಿವರಾತ್ರಿ, ಶನಿವಾರದ ಒಪ್ಪತ್ತು, ರಂಜಾನ್ ಉಪವಾಸ ಎಲ್ಲವನ್ನೂ ತಿಂಗಳ ಮೊದಲೇ ಪಾಳಿ ಬದಲಾಗುವಾಗ ನೋಡುವ ಹ್ಯಾಂಡೋವರ್ ಪುಸ್ತಕದಲ್ಲಿ ಬರೆದು, ಆಯಾ ದಿನಕ್ಕೆ ಏನು ನಿಲ್ಲಿಸಬೇಕು, ಏನು ಮುಂದುವರಿಸಬೇಕೆಂದು ವೈದ್ಯರಿಂದ ಲಿಖಿತವಾಗಿ ಪಡೆಯುತ್ತೇವೆ. ಉಪವಾಸ ಬಿಡಿ ಎಂದು ಯಾರಿಗೂ ಒತ್ತಾಯ ಮಾಡುವುದಿಲ್ಲ, ಏಕೆಂದರೆ ಒತ್ತಾಯಿಸಿದರೆ ಮುಚ್ಚಿಟ್ಟು ಮಾಡುತ್ತಾರೆ, ಆಗ ಅಪಾಯ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆಯವರು ಇದ್ದಕ್ಕಿದ್ದಂತೆ ತೊದಲಿದರೆ, ಮಂಕಾದರೆ, ಬೆವರಿದರೆ, ನುಂಗುವಂತಿದ್ದರೆ, ಸ್ಟ್ರಿಪ್ಪಿಗಾಗಿ ಕಾಯದೆ ಮೊದಲು ಗ್ಲುಕೋಸ್ ಕೊಡಬೇಕೆಂದು ಆಯಾಗಳಿಗೂ ಕಲಿಸಿದ್ದೇವೆ. ಗ್ಲುಕೋಸ್ ಡಬ್ಬಿ ಪ್ರತಿ ಮಹಡಿಯಲ್ಲಿದೆ, ಬೀಗವಿಲ್ಲ.

ಬಗೆಹರಿಯದೆ ಉಳಿದಿರುವುದು ರಾತ್ರಿಯ ಊಟ. ಅಡುಗೆಯವರು ಬೇಗ ಮನೆಗೆ ಹೋಗಬೇಕೆಂದು ಆರೂವರೆಗೆ ಊಟ ಮುಗಿಸುತ್ತೇವೆ, ಬೆಳಗಿನ ತಿಂಡಿ ಎಂಟೂವರೆಗೆ. ನಡುವಿನ ಹದಿನಾಲ್ಕು ಗಂಟೆಗಳಲ್ಲಿ ಮಲಗುವ ಮುನ್ನ ಒಂದು ಲೋಟ ಹಾಲು, ಎರಡು ಬಿಸ್ಕತ್ತು ಕೊಡಬೇಕೆಂದು ನಾನು ಕೇಳಿದ್ದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮಾತ್ರ ಮಂಜೂರಾಗಿದೆ. ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗಾಗಿ ಬರೆದ ಪತ್ರ ಇನ್ನೂ ಆಫೀಸಿನಲ್ಲಿದೆ.