ಹೊಸ ಫ್ರೇಮ್: ಟೈಟಾನಿಯಮ್ಮೋ ಕಾರ್ಬನ್ನೋ

ಜೂನ್ 7

ಕನಕಪುರ ರಸ್ತೆಯ ಮಳೆಯಲ್ಲಿ ತೊಯ್ದು ಬಂದ ಸೈಕಲ್ಲನ್ನು ತೊಳೆಯುತ್ತಿದ್ದಾಗ, ಫ್ರೇಮಿನ ಕೆಳಗಿನ ಓರೆ ಕೊಳವೆ (ಡೌನ್ ಟ್ಯೂಬ್) ಪೆಡಲ್ ತಿರುಗುವ ಜಾಗಕ್ಕೆ (ಬಾಟಮ್ ಬ್ರಾಕೆಟ್) ಸೇರುವ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಕಂಡಿತು. ಕೆಸರಿನ ಕಲೆಯಿರಬೇಕೆಂದು ಹತ್ತಿಯಿಂದ ಒರೆಸಿದರೆ ಗೆರೆ ಹೋಗಲಿಲ್ಲ. ಬದಲಿಗೆ ಹತ್ತಿಯ ಎರಡು ಎಳೆಗಳು ಅದಕ್ಕೆ ಸಿಕ್ಕಿಕೊಂಡು ಅಲ್ಲೇ ಉಳಿದವು. ಸಂಜೆ ನಮ್ಮ ಬಡಾವಣೆಯ ಮೆಕ್ಯಾನಿಕ್ ಬ್ಲೇಡಿನಿಂದ ಬಣ್ಣ ಕೆರೆದು ನೋಡಿದರು. ಬಣ್ಣದ ಕೆಳಗಿನ ಅಲ್ಯುಮಿನಿಯಂನಲ್ಲೂ ಅದೇ ಗೆರೆ, ಅದೇ ಉದ್ದ. "ಇದನ್ನ ಇನ್ನು ಓಡಿಸ್ಬೇಡಿ ಸರ್, ಇಳಿಜಾರಲ್ಲಿ ಬಿಟ್ಕೊಂಡ್ರೆ ಹಲ್ಲೂ ಉಳಿಯಲ್ಲ" ಎಂದರು.

ಎಂಟು ವರ್ಷ, ಸುಮಾರು 45,000 ಕಿ.ಮೀ. ದುಡಿದ ಫ್ರೇಮ್ ಅದು, ಹಾಗಾಗಿ ದೂರುವಂತಿಲ್ಲ. ಉಕ್ಕಿಗೂ ಟೈಟಾನಿಯಂಗೂ ಒಂದು ಮಿತಿಯೊಳಗಿನ ಒತ್ತಡವನ್ನು ಎಷ್ಟು ಲಕ್ಷ ಸಲ ಹೇರಿದರೂ ಅವು ತಾಳಿಕೊಳ್ಳುತ್ತವೆ. ಅಲ್ಯುಮಿನಿಯಂಗೆ ಅಂಥ ಮಿತಿಯೇ ಇಲ್ಲ, ಸಣ್ಣ ಸಣ್ಣ ಒತ್ತಡವೂ ಅದರ ಆಯುಷ್ಯದ ಲೆಕ್ಕಕ್ಕೆ ಜಮೆಯಾಗುತ್ತ ಹೋಗುತ್ತದೆ. ಡಿಸ್ಕ್ ಬ್ರೇಕ್, ಗೇರ್ ಸೆಟ್, ಚಕ್ರಗಳು ಚೆನ್ನಾಗಿಯೇ ಇರುವುದರಿಂದ ಕೊಳ್ಳಬೇಕಾದದ್ದು ಫ್ರೇಮ್ ಮತ್ತು ಮುಂದಿನ ಚಕ್ರವನ್ನು ಹಿಡಿಯುವ ಕವಲು, ಅಂದರೆ ಫೋರ್ಕ್ ಮಾತ್ರ. ಮಿತಿ, ಸುಂಕವೂ ಸೇರಿ ಎರಡು ಲಕ್ಷ ರೂಪಾಯಿ. ಉದ್ದೇಶವೂ ಸ್ಪಷ್ಟವಾಗಿದೆ: ನವೆಂಬರಿನಿಂದ ಆರಂಭವಾಗುವ ಋತುವಿನಲ್ಲಿ 200, 300, 400, 600 ಕಿ.ಮೀ. ಬ್ರೆವೆಗಳನ್ನು (ಗೊತ್ತುಪಡಿಸಿದ ಅವಧಿಯೊಳಗೆ ಪೂರೈಸಬೇಕಾದ ದೂರದ ಸವಾರಿಗಳನ್ನು) ಮುಗಿಸಬೇಕು. 600ಕ್ಕೆ ಕೊಡುವ ಅವಧಿ 40 ಗಂಟೆ. ಅಷ್ಟು ಹೊತ್ತು ಕುಳಿತಿರಬಲ್ಲ ಸೈಕಲ್ ಬೇಕು.

ಜೂನ್ 15

ಮೊದಲು ತೂಕದ ಭೂತವನ್ನು ಬಿಡಿಸಿಕೊಳ್ಳೋಣವೆಂದು ಕಾಗದ ಹಿಡಿದು ಕುಳಿತೆ. ನನ್ನ ಬಜೆಟ್ಟಿನ ಆಸುಪಾಸಿನಲ್ಲಿ ಸಿಗುವ ಕಾರ್ಬನ್ (ಇಂಗಾಲದ ನಾರಿನ) ಫ್ರೇಮ್ ಒಂದು ಕಿಲೋ ಆಜುಬಾಜಿನಲ್ಲಿರುತ್ತದೆ, ಟೈಟಾನಿಯಂ ಫ್ರೇಮ್ ಒಂದೂವರೆ ಕಿಲೋ. ವ್ಯತ್ಯಾಸ ಅರ್ಧ ಕಿಲೋ. ನನ್ನ 78 ಕಿಲೋಗೆ ಸೈಕಲ್ಲು, ನೀರಿನ ಬಾಟಲಿ, ಬಟ್ಟೆಬರೆ ಸೇರಿಸಿದರೆ ಒಟ್ಟು 89. ಅಂದರೆ ನಂದಿಬೆಟ್ಟದ ಬುಡದಿಂದ ತುದಿಯವರೆಗೆ ನನಗೆ ಹಿಡಿಯುವ 35 ನಿಮಿಷಗಳಲ್ಲಿ ಆ ಅರ್ಧ ಕಿಲೋದ ಪಾಲು ಹನ್ನೊಂದೋ ಹನ್ನೆರಡೋ ಸೆಕೆಂಡು. ಮೇಲಿನ ತಿರುವುಗಳಲ್ಲಿ ಕೋತಿಯೊಂದು ಅಡ್ಡ ಬಂದರೆ ಹೋಗುವ ಸಮಯ ಅದಕ್ಕಿಂತ ಹೆಚ್ಚು.

ವೃತ್ತಿಪರ ಸ್ಪರ್ಧಿಗಳ ಲೆಕ್ಕ ಬೇರೆ. ಅವರ ಸೈಕಲ್ 6.8 ಕಿಲೋಗಿಂತ ಕಡಿಮೆ ಇರಕೂಡದೆಂಬ ನಿಯಮ 2000ದಿಂದ ಇದೆ. ಆ ಅಂಚಿಗೆ ಇಳಿಯುತ್ತಲೇ ಗಾಳಿಯನ್ನು ಸೀಳುವಂಥ ಆಕಾರವನ್ನೂ ಕೊಡುವುದು ಕಾರ್ಬನ್ನಿಗೆ ಸುಲಭ, ದುಂಡು ಕೊಳವೆಯ ಟೈಟಾನಿಯಂಗೆ ಕಷ್ಟ. ಹ್ಯಾಂಡಲಿಗೆ ಚೀಲ ನೇತುಹಾಕಿಕೊಂಡು ಗಂಟೆಗೆ 25 ಕಿ.ಮೀ. ಸಾಗುವ ನನಗೆ ಆ ಲಾಭದಲ್ಲಿ ಉಳಿಯುವುದು ಅಲ್ಪ.

ಜೂನ್ 22

ಗೆಳೆಯರಿಬ್ಬರಿಂದ ಎರಡು ಸೈಕಲ್ಲುಗಳನ್ನು ಒಂದು ಭಾನುವಾರಕ್ಕೆ ಎರವಲು ತಂದು, ಹೆಸರಘಟ್ಟದ ಕಡೆಯ ಒಂದೇ 14 ಕಿ.ಮೀ. ಸುತ್ತನ್ನು ನಾಲ್ಕು ಸಲ ಹಾಕಿದೆ. ಮೊದಲ ಸುತ್ತಿಗೆ ಟೈಟಾನಿಯಂ, ಎರಡನೆಯದಕ್ಕೆ ಕಾರ್ಬನ್. ಎಲ್ಲರೂ ಹೇಳುವುದು ನಿಜವೆನಿಸಿತು: ಟೈಟಾನಿಯಂ ಸೈಕಲ್ ರಸ್ತೆಯ ಒರಟುತನವನ್ನು ನುಂಗಿಕೊಂಡಂತೆ ಸಾಗಿತು, ಕಾರ್ಬನ್ ಪ್ರತಿಯೊಂದು ತೇಪೆಯನ್ನೂ ಅಂಗೈಗೆ ವರದಿ ಮಾಡಿತು.

ಆದರೆ ಮೊದಲನೆಯದರಲ್ಲಿ ಇದ್ದದ್ದು 60 ಪಿಎಸ್‌ಐ ಗಾಳಿ ತುಂಬಿದ 32 ಮಿ.ಮೀ. ಟೈರು, ಎರಡನೆಯದರಲ್ಲಿ 95 ಪಿಎಸ್‌ಐನ 25 ಮಿ.ಮೀ. ಟೈರು. ಎರಡಕ್ಕೂ ಚಕ್ರವನ್ನು ಹಿಡಿದಿಡುವ ಕಡ್ಡಿ (ಥ್ರೂ ಆಕ್ಸಲ್) ಒಂದೇ 12 ಮಿ.ಮೀ. ಅಳತೆಯದಾದ್ದರಿಂದ, ಎಳನೀರಿನ ಗಾಡಿಯ ನೆರಳಿನಲ್ಲಿ ಕುಳಿತು ಚಕ್ರಗಳನ್ನು ಅದಲುಬದಲು ಮಾಡಲು ಹೊರಟೆ. ಕಾರ್ಬನ್ ಫ್ರೇಮಿನಲ್ಲಿ ಹಿಂದಿನ ಚಕ್ರದ ಎರಡು ಬದಿಯ ಕೊಳವೆಗಳ (ಚೈನ್ ಸ್ಟೇ) ನಡುವೆ 32 ಹಿಡಿಸಲೇ ಇಲ್ಲ, ಟೈರು ಎರಡೂ ಬದಿಗೆ ತಾಗಿ ನಿಂತಿತು. ಅದು 28ರವರೆಗೆ ಮಾತ್ರ ಜಾಗ ಬಿಟ್ಟು ಮಾಡಿದ ಹಳೆಯ ಮಾದರಿ. ಕೊನೆಗೆ ನನ್ನದೇ 28ರ ಚಕ್ರಗಳನ್ನು ಮನೆಯಿಂದ ತರಿಸಿ, 75 ಪಿಎಸ್‌ಐ ತುಂಬಿ, ಬ್ರೇಕಿನ ಕ್ಯಾಲಿಪರ್ ಸರಿಹೊಂದಿಸಿ ಎರಡಕ್ಕೂ ಅವನ್ನೇ ಹಾಕಿ ಮೂರನೆಯ, ನಾಲ್ಕನೆಯ ಸುತ್ತು ಮುಗಿಸಿದೆ. ಈಗ ಯಾವುದು ಯಾವುದೆಂದು ಕಣ್ಣು ಮುಚ್ಚಿ ಹೇಳೆಂದರೆ ನಾನು ಪಂದ್ಯ ಕಟ್ಟುತ್ತಿರಲಿಲ್ಲ. ತ್ರಿಕೋನಾಕಾರದ ಫ್ರೇಮ್ ಮೇಲಿನಿಂದ ಬೀಳುವ ಭಾರಕ್ಕೆ ಬಗ್ಗುವುದು ಅತ್ಯಲ್ಪ. ಬಗ್ಗುವುದು ಟೈರು, ಅದರ ನಂತರ ಸೀಟ್ ಪೋಸ್ಟ್. ಟೈಟಾನಿಯಂನ "ಜೀವಂತಿಕೆ" ಎಂದು ಹೊಗಳುವ ಬಹುಪಾಲು ಗುಣ ಟೈರಿನೊಳಗಿನ ಗಾಳಿಯದು ಎಂಬ ಅನುಮಾನ ನನಗೆ ಅಂದೇ ಬಂದಿತು, ಇನ್ನೂ ಹೋಗಿಲ್ಲ.

ಇನ್ನೊಂದು ಸಂಗತಿಯೂ ಗಮನಕ್ಕೆ ಬಂದಿತು. "ಕಾರ್ಬನ್ ಯಾವಾಗ ಮುರಿಯುತ್ತದೋ ಹೇಳಲಾಗದು, ಅದಕ್ಕೇ ಟೈಟಾನಿಯಂ ತೆಗೆದುಕೊಂಡೆ" ಎನ್ನುವ ಗೆಳೆಯನ ಸೈಕಲ್ಲಿನ ಮುಂದಿನ ಫೋರ್ಕ್ ಕಾರ್ಬನ್ನಿನದು. ಟೈಟಾನಿಯಂನ ಬಿಗುವು ಉಕ್ಕಿನ ಅರ್ಧದಷ್ಟೇ ಇರುವುದರಿಂದ ಅದರಿಂದ ಹಗುರವೂ ಗಟ್ಟಿಯೂ ಆದ ಫೋರ್ಕ್ ಮಾಡುವುದು ಸುಲಭವಲ್ಲ. ಹೀಗಾಗಿ ಇಂದಿನ ಟೈಟಾನಿಯಂ ರೋಡ್ ಸೈಕಲ್ಲುಗಳಿಗೆ ಸಾಮಾನ್ಯವಾಗಿ ಕಾರ್ಬನ್ ಫೋರ್ಕನ್ನೇ ಹಾಕುತ್ತಾರೆ. ಮುರಿದರೆ ಸವಾರನ ಮುಖವೇ ನೆಲಕ್ಕೆ ಬಡಿಯುವ ಭಾಗವನ್ನು ಕಾರ್ಬನ್ನಿಗೆ ಒಪ್ಪಿಸಿದ ಮೇಲೆ ಉಳಿದ ಭಾಗಕ್ಕೆ ಮಾತ್ರ ಹೆದರುವುದರಲ್ಲಿ ಅರ್ಥವಿಲ್ಲ.

ಜುಲೈ 6

ಪರಿಚಯದವರ ಮೂಲಕ ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಹೋಗಿ ಟೈಟಾನಿಯಂಗೆ ಆರ್ಗಾನ್ ಅನಿಲದ ರಕ್ಷಣೆಯಲ್ಲಿ ವೆಲ್ಡಿಂಗ್ ಮಾಡುವುದನ್ನು ನೋಡಿಬಂದೆ. ಈ ಲೋಹ ಅಪರೂಪದ್ದಲ್ಲ, ಭೂಮಿಯ ಹೊರಪದರದಲ್ಲಿ ಹೇರಳವಾಗಿರುವ ಧಾತುಗಳಲ್ಲಿ ಒಂಬತ್ತನೆಯದು. ಕೊಲ್ಲಂ ಬಳಿಯ ಚವರದ ಕಡಲ ತೀರದ ಕಪ್ಪು ಮರಳಿನಲ್ಲಿಯೇ ಅದರ ಅದಿರಿದೆ. ದುಬಾರಿಯಾಗಿಸುವುದು ಆಮ್ಲಜನಕದ ಮೇಲೆ ಅದಕ್ಕಿರುವ ಹಸಿವು. ಅದಿರಿನಿಂದ ಬಿಡಿಸುವಾಗಲೂ ಗಾಳಿ ಸೋಕದಂತೆ ಮ್ಯಾಗ್ನೀಸಿಯಂ ಜತೆ ಕಾಯಿಸಬೇಕು, ಬೆಸೆಯುವಾಗಲೂ ಗಾಳಿ ಸೋಕಬಾರದು.

ವೆಲ್ಡರ್ ಹಳೆಯ ತುಂಡುಗಳ ಡಬ್ಬಿಯೊಂದನ್ನು ಮೇಜಿನ ಮೇಲೆ ಸುರಿದು ಪಾಠ ಮಾಡಿದರು. ಬೆಸುಗೆಯ ಅಲೆಗಳು ಬೆಳ್ಳಿಯ ಬಣ್ಣದಲ್ಲಿದ್ದರೆ ಉತ್ತಮ, ಒಣಹುಲ್ಲಿನ ಹಳದಿಯಾದರೂ ನಡೆಯುತ್ತದೆ. ನೀಲಿಗೆ ತಿರುಗಿದ್ದರೆ ಗಾಳಿ ನುಗ್ಗಿದೆ ಎಂದರ್ಥ, ಬೂದಿಯಂಥ ಬಿಳಿ ಪುಡಿ ಕೂತಿದ್ದರೆ ಗುಜರಿಗೆ ಹಾಕಬೇಕು. ಹೊರಗಷ್ಟೇ ಅಲ್ಲ, ಕೊಳವೆಯ ಒಳಗೂ ಆರ್ಗಾನ್ ತುಂಬಿರಬೇಕು. "ಒಳಗಡೆ ಗ್ಯಾಸ್ ಬಿಡದೆ ಹೊಡೆದ್ರೆ ನೋಡೋಕ್ ಚೆನ್ನಾಗಿರುತ್ತೆ ಸರ್, ಆದ್ರೆ ಗಾಜಿನ್ ಥರ ಒಡೆಯುತ್ತೆ" ಎಂದು ಅಂಥದೊಂದು ತುಂಡನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಒಂದೇ ಏಟು ಕೊಟ್ಟರು. ಅದು ಬಾಗಲಿಲ್ಲ, ಬೆಸುಗೆಯ ಗೆರೆಗುಂಟ ಎರಡಾಗಿ ನನ್ನ ಚಪ್ಪಲಿಯ ಬಳಿ ಬಿದ್ದಿತು. ಹಾಗಾದರೆ "ಟೈಟಾನಿಯಂ ಎಂದರೆ ಜೀವಮಾನಕ್ಕೊಂದು" ಎಂಬ ಮಾತು ನಿಂತಿರುವುದು ಲೋಹದ ಮೇಲಲ್ಲ, ಬೆಸೆದ ಕೈಯ ಮೇಲೆ. ಫ್ರೇಮ್ ಕಟ್ಟುವವರಿಂದ ಒಳಬದಿಯ ಬೆಸುಗೆಯ ಚಿತ್ರವನ್ನೂ ಕೇಳಬೇಕೆಂದು ಬರೆದುಕೊಂಡೆ.

ಜುಲೈ 13

ಕಾರ್ಬನ್ನಿನ ಪರ ವಾದವನ್ನೂ ನ್ಯಾಯವಾಗಿ ಕೇಳಬೇಕಲ್ಲ. ನಗರದಲ್ಲಿಯೇ ಕಾರ್ಬನ್ ಫ್ರೇಮ್ ರಿಪೇರಿ ಮಾಡುವ ಕಡೆ ಹೋದೆ. ಬೆಂಗಳೂರಿಗೆ ಈ ವಿದ್ಯೆ ಹೊಸದೇನಲ್ಲ. ತೇಜಸ್ ವಿಮಾನದ ಬಾಲದ ರೆಕ್ಕೆ ಮತ್ತು ರಡರನ್ನು ಇಲ್ಲಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಕಾರ್ಬನ್ ನಾರಿನಿಂದ ಮಾಡಿಕೊಟ್ಟದ್ದು. ಅಲ್ಲಿದ್ದ ಒಂದು ಫ್ರೇಮ್ ವಿಮಾನ ಪ್ರಯಾಣದಲ್ಲಿ ಪೆಟ್ಟು ತಿಂದಿತ್ತು, ಹೊರಗೆ ನೋಡಿದರೆ ಉಗುರಿನ ಗೀರಷ್ಟೆ. ರಿಪೇರಿಯವರು ಐದು ರೂಪಾಯಿ ನಾಣ್ಯದಿಂದ ಅದರ ಮೇಲಿನ ಕೊಳವೆಯನ್ನು (ಟಾಪ್ ಟ್ಯೂಬ್) ತಟ್ಟುತ್ತ ಬಂದರು: ಟಿಣ್, ಟಿಣ್, ಟಿಣ್, ಗೀರಿನ ಬಳಿ ಮಾತ್ರ ಒದ್ದೆ ರಟ್ಟನ್ನು ತಟ್ಟಿದಂತೆ ಡಬ್. ಒಳಗೆ ಪದರಗಳು ಬಿಟ್ಟುಕೊಂಡಿದ್ದವು. ಆ ಜಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಉಜ್ಜಿ, ನಾರಿನ ದಿಕ್ಕು ನೋಡಿ ಹೊಸ ಪದರಗಳನ್ನು ಎಪಾಕ್ಸಿಯಲ್ಲಿ ಕೂರಿಸಿ, ಶಾಖ ಕೊಟ್ಟು ಗಟ್ಟಿಯಾಗಿಸುತ್ತಾರೆ.

ಇಲ್ಲಿ ನನ್ನ ಪೂರ್ವಗ್ರಹ ತಲೆಕೆಳಗಾಯಿತು. ಕಾರ್ಬನ್ ಒಡೆದರೆ ಮುಗಿಯಿತು, ಲೋಹವಾದರೆ ಹೇಗೋ ಸರಿಮಾಡಬಹುದು ಎಂದುಕೊಂಡಿದ್ದೆ. ನಿಜ ಅದರ ಹಿಮ್ಮುಖ: ಬಿರುಕು ಬಿಟ್ಟ ಟೈಟಾನಿಯಂ ಫ್ರೇಮನ್ನು ಒಳಗೂ ಆರ್ಗಾನ್ ತುಂಬಿ, ಅಳತೆ ತಪ್ಪದಂತೆ ಬೆಸೆದುಕೊಡುವವರನ್ನು ಹುಡುಕುವುದಕ್ಕಿಂತ ಒಡೆದ ಕಾರ್ಬನ್ ಕೊಳವೆಗೆ ತೇಪೆ ಹಾಕಿಸುವುದು ಈ ಊರಿನಲ್ಲಿ ಸಲೀಸು. ತುಕ್ಕಿನ ವಿಷಯದಲ್ಲೂ ಎರಡೂ ಸಮ. ಎರಡಕ್ಕೂ ತುಕ್ಕಿಲ್ಲ, ಎರಡರಲ್ಲೂ ಬೆವರು, ಮಳೆನೀರು ಸೇರಿದರೆ ಒಳಗೆ ಕೂತ ಅಲ್ಯುಮಿನಿಯಂ ಬಿಡಿಭಾಗ ಕೊರೆದುಹೋಗಿ ಅಂಟಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಪೇಸ್ಟ್ ಹಚ್ಚುವ ಕೆಲಸ ಹೇಗೂ ತಪ್ಪದು.

ಮನೆಗೆ ಬರುವಾಗ ಮನಸ್ಸು ಕಾರ್ಬನ್ ಕಡೆ ಮುಕ್ಕಾಲು ಪಾಲು ವಾಲಿತ್ತು.

ಜುಲೈ 27

ಕಳೆದ ವರ್ಷದ 400ರಲ್ಲಿ ರಾತ್ರಿ ಎರಡು ಗಂಟೆಯ ನಂತರ ಕತ್ತು ಎತ್ತಲಾಗದೆ ಗಲ್ಲಕ್ಕೆ ಅಂಗೈ ಊರಿಕೊಂಡು ತುಳಿದದ್ದು ನೆನಪಿನಲ್ಲಿದ್ದುದರಿಂದ, ಮೈಯ ಅಳತೆ ತೆಗೆಯುವ ಫಿಟಿಂಗ್ ಮಾಡಿಸಿಕೊಳ್ಳದೆ ಹಣ ಕೊಡಬಾರದೆಂದು ನಿರ್ಧರಿಸಿದ್ದೆ. ಎರಡು ಗಂಟೆಯ ಅಳತೆಯ ಬಳಿಕ ಬಂದ ಅಂಕಿಗಳು: ಸ್ಟ್ಯಾಕ್ (ಬಾಟಮ್ ಬ್ರಾಕೆಟ್ಟಿನಿಂದ ಫ್ರೇಮಿನ ಮುಂತುದಿಗಿರುವ ಎತ್ತರ) 615 ಮಿ.ಮೀ., ರೀಚ್ (ಅಲ್ಲಿಂದ ಮುಂತುದಿಗಿರುವ ಅಡ್ಡ ಉದ್ದ) 365. ಅಂದರೆ ಉದ್ದ ಕಾಲು, ಗಿಡ್ಡ ಮುಂಡ, ಐವತ್ತರ ಹೊಸ್ತಿಲಿನ ಬೆನ್ನು.

ಈ ಎರಡು ಅಂಕಿಗಳನ್ನಿಟ್ಟುಕೊಂಡು ಬಜೆಟ್ಟಿನೊಳಗಿನ ಕಾರ್ಬನ್ ಫ್ರೇಮುಗಳ ಅಳತೆಯ ಕೋಷ್ಟಕಗಳನ್ನು ಒಂದೊಂದಾಗಿ ನೋಡಿದೆ. ಎತ್ತರ ಸರಿಹೋಗುವ ಸೈಜಿನಲ್ಲಿ ಉದ್ದ ಹೆಚ್ಚು, ಉದ್ದ ಸರಿಹೋಗುವ ಸೈಜಿನಲ್ಲಿ ಎತ್ತರ ಕಡಿಮೆ. ಹತ್ತಿರದ ಸೈಜಿನಲ್ಲಿ ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ ಕೆಳಗೆ ಸ್ಪೇಸರ್ ಬಳೆಗಳನ್ನು ಪೇರಿಸಿ, ಸ್ಟೆಮ್ಮನ್ನು 80 ಮಿ.ಮೀ.ಗೆ ಮೊಟಕುಗೊಳಿಸಿದರೆ ಹೇಗೋ ಕೂರಬಹುದು. ಹಳೆಯ ಸೈಕಲ್ಲಿನಲ್ಲಿ ಎಂಟು ವರ್ಷ ನಾನು ಮಾಡಿದ್ದೂ ಅದನ್ನೇ. ಕಾರ್ಬನ್ ಫ್ರೇಮ್ ಅಚ್ಚಿನಲ್ಲಿ ಹುಟ್ಟುವಂಥದ್ದು. ಒಂದೊಂದು ಸೈಜಿಗೂ ದುಬಾರಿ ಲೋಹದ ಅಚ್ಚು ಬೇಕಾದ್ದರಿಂದ ತಯಾರಕರು ಐದಾರು ಸೈಜುಗಳಲ್ಲಿ ಲೋಕದ ಜನರನ್ನೆಲ್ಲ ಹಿಡಿಸುತ್ತಾರೆ. ಟೈಟಾನಿಯಂ ಫ್ರೇಮ್ ಕೊಳವೆಗಳನ್ನು ಕತ್ತರಿಸಿ ಕಟ್ಟುವಂಥದ್ದು. ಫೋರ್ಕನ್ನು ಹಿಡಿಯುವ ಮುಂದಿನ ಕೊಳವೆ (ಹೆಡ್ ಟ್ಯೂಬ್) 20 ಮಿ.ಮೀ. ಹೆಚ್ಚು ಉದ್ದ ಬೇಕೆಂದರೆ ಗರಗಸ ಆಚೆ ಹೋಗುತ್ತದೆ, ಅಷ್ಟೇ. ಕಾರ್ಬನ್ನಿನಲ್ಲೂ ಕೊಳವೆ ಜೋಡಿಸುವ ಸಂಪ್ರದಾಯ ಇತ್ತು, ಈಗಲೂ ಇದೆ. 1986ರಲ್ಲಿ ಗ್ರೆಗ್ ಲೆಮಾಂಡ್ ಟೂರ್ ದ ಫ್ರಾನ್ಸ್ ಗೆದ್ದ ಲುಕ್ ಕಂಪನಿಯ ಫ್ರೇಮ್ ಕಾರ್ಬನ್ ಕೊಳವೆಗಳನ್ನು ಅಂಟಿಸಿದ್ದೇ. ಆದರೆ ಇಂದು ಅಳತೆಗೆ ಮಾಡಿಕೊಡುವ ಅಂಥ ಕಾರ್ಬನ್ ಫ್ರೇಮಿನ ಬೆಲೆ ನನ್ನ ಎರಡು ಲಕ್ಷವನ್ನು ಎಲ್ಲೋ ಹಿಂದೆ ಬಿಟ್ಟಿದೆ.

ಆರು ವಾರ ಲೋಹವೋ ನಾರೋ ಎಂದು ತಲೆ ಕೆಡಿಸಿಕೊಂಡಿದ್ದೆ. ನಾನು ಕೇಳಬೇಕಿದ್ದದ್ದು ಅಚ್ಚೋ ಕೊಳವೆಯೋ ಎಂದು. ದರ್ಜಿಯಿಂದ ಹೊಲಿಸಿದ ಅಂಗಿಗೂ ಅಂಗಡಿಯ ಸಿದ್ಧ ಅಂಗಿಗೂ ಇರುವ ವ್ಯತ್ಯಾಸದಲ್ಲಿ ಬಟ್ಟೆ ಹತ್ತಿಯೋ ಪಾಲಿಯೆಸ್ಟರೋ ಎಂಬುದು ಎರಡನೆಯ ಮಾತು. ನನ್ನಂತಲ್ಲದೆ, ಸಿದ್ಧ ಸೈಜಿನಲ್ಲಿ ಸಲೀಸಾಗಿ ಕೂರುವ ಮೈ ಇದ್ದವರಿಗೆ ಇದೇ ಹಣಕ್ಕೆ ಕಾರ್ಬನ್ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ನಾನು ಟೈಟಾನಿಯಂ ಎಂದು ತೀರ್ಮಾನಿಸಿದೆ.

ಆಗಸ್ಟ್ 10

ಮುಂಗಡ ಕೊಟ್ಟಾಯಿತು. ಕೊಳವೆಗಳು ಶೇ. 3 ಅಲ್ಯುಮಿನಿಯಂ, ಶೇ. 2.5 ವೆನೇಡಿಯಂ ಬೆರೆತ ಮಿಶ್ರಲೋಹದವು. ಬಾಟಮ್ ಬ್ರಾಕೆಟ್ ತಿರುಗಿಸಿ ಕೂರಿಸುವ, ಥ್ರೆಡ್ ಇರುವ ಬಿಎಸ್‌ಎ ಬಗೆಯದು, ಯಾವ ಊರಿನ ಅಂಗಡಿಯಲ್ಲೂ ಸಿಗಲೆಂದು. ಸೀಟ್ ಪೋಸ್ಟ್ 27.2 ಮಿ.ಮೀ. ದಪ್ಪದ್ದು, ಸ್ವಲ್ಪ ಬಳುಕಲೆಂದು. ಮಡ್‌ಗಾರ್ಡ್ ಸಹಿತ 32ರ ಟೈರಿಗೆ ಜಾಗ, ಮೂರನೆಯ ಬಾಟಲಿಗೆ ತೂತು. ಬಣ್ಣವಿಲ್ಲ.

ಕಟ್ಟುವವರು ಕಳುಹಿಸಿದ ಮೊದಲ ನಕ್ಷೆಯಲ್ಲಿ ಸ್ಟ್ಯಾಕ್, ರೀಚ್ ಎರಡೂ ಕರಾರುವಾಕ್ಕಾಗಿದ್ದವು. ಎರಡು ದಿನ ಅದನ್ನು ನೋಡುತ್ತಲೇ ಇದ್ದೆ, ಮೂರನೆಯ ದಿನ ತಪ್ಪು ಕಂಡಿತು: ಫೋರ್ಕಿನ ಉದ್ದ 375 ಎಂದು ಹಿಡಿದಿದ್ದರು, ನಾನು ಆರಿಸಿದ ಫೋರ್ಕಿನದು 390. ಹಾಗೆಯೇ ಕಟ್ಟಿದ್ದರೆ ಮುಂಭಾಗ ಎದ್ದುಕೊಂಡು, ಹೆಡ್ ಟ್ಯೂಬಿನ ಕೋನ ಮುಕ್ಕಾಲು ಡಿಗ್ರಿಗೂ ಹೆಚ್ಚು ಮಲಗಿ, ಇಷ್ಟು ದಿನದ ಅಳತೆಯೆಲ್ಲ ನೀರಿನಲ್ಲಿ ಹೋಮವಾಗುತ್ತಿತ್ತು.

ತಿದ್ದಿದ ನಕ್ಷೆ ನಿನ್ನೆ ಬಂದಿತು. ಈ ಬಾರಿ ಪರದೆಯನ್ನು ನಂಬದೆ, ಕಟ್ಟಡದ ನಕ್ಷೆಗಳನ್ನು ಮುದ್ರಿಸುವ ಅಂಗಡಿಯಲ್ಲಿ ನಿಜ ಗಾತ್ರದಲ್ಲಿ ತೆಗೆಸಿ ಹಾಲಿನ ನೆಲದ ಮೇಲೆ ಹರಡಿದೆ. 32ರ ಟೈರು ತೊಡಿಸಿದ ಹಿಂದಿನ ಚಕ್ರವನ್ನು ಆಕ್ಸಲ್ ಗುರುತಿನ ಮೇಲೆ ಸರಿಯಾಗಿ ಮಲಗಿಸಿ, ಟೈರಿಗೂ ಸೀಟ್ ಟ್ಯೂಬಿನ ಗೆರೆಗೂ ನಡುವೆ ಕಿರುಬೆರಳು ಇಟ್ಟು ನೋಡಿದೆ. ಬೆರಳು ಹಿಡಿಸಿ, ಮಡ್‌ಗಾರ್ಡಿನ ತಗಡಿನಷ್ಟು ಜಾಗ ಉಳಿಯಿತು. ಕಾಗದವನ್ನು ಸುತ್ತಿಟ್ಟು ಒಪ್ಪಿಗೆ ಬರೆದು ಕಳುಹಿಸಿದೆ.