ಕರೆಂಟ್ ಮಾರಲು ಬಂದವರ ಜಿಎಸ್‌ಟಿ ನಂಬರಿನ ಆರನೇ ಅಕ್ಷರ

ಕುಶಾಲನಗರದ ಹತ್ತಿರ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಚಿಕ್ಕಪ್ಪನ ಕಾಫಿ ಕ್ಯೂರಿಂಗ್ ವರ್ಕ್ಸ್ ಇದೆ, ಒಣಗಿದ ಕಾಫಿ ಹಣ್ಣಿನ (ಚೆರಿ) ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಜಾಗ. ಲೆಕ್ಕ ನೋಡಿಕೊಳ್ಳುವುದು ನಾನು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಗೇಟಿನಲ್ಲಿ ಚೆರಿ ಮೂಟೆಯ ಲಾರಿಗಳು ಸಾಲಾಗಿ ನಿಂತಿದ್ದ ಹೊತ್ತಿನಲ್ಲೇ ಒಬ್ಬರು ಫೈಲ್ ಹಿಡಿದು ಬಂದರು. ನಿಮ್ಮ ಯೂನಿಟ್ ದರ ಕಡಿಮೆ ಮಾಡಿಸುತ್ತೇವೆ, ಸೋಲಾರ್ ಕರೆಂಟ್, 15 ವರ್ಷದ ಕಾಂಟ್ರ್ಯಾಕ್ಟ್, ಪವರ್ ಕಟ್ ಇರಲ್ಲ, ಶುಕ್ರವಾರದೊಳಗೆ ಎರಡು ಲಕ್ಷ ಅಡ್ವಾನ್ಸ್ ಕೊಟ್ಟರೆ ಸಾಕು ಎಂದರು. ಚಿಕ್ಕಪ್ಪ ಆಗಲೇ ಚೆಕ್‌ಬುಕ್ ಕೇಳಿದ್ದರು. ನಾನು ಒಂದು ದಿನ ಕೊಡಿ ಚಿಕ್ಕಪ್ಪ ಎಂದೆ.

ಆ 'ಪವರ್ ಕಟ್ ಇರಲ್ಲ' ಎಂಬ ಮಾತೇ ನನಗೆ ಸರಿ ಕಾಣಲಿಲ್ಲ. ಕರೆಂಟ್ ಯಾರಿಂದ ಕೊಂಡರೂ ಅದು ನಮ್ಮ ಶೆಡ್ಡಿಗೆ ಬರುವುದು ನಮ್ಮ ಕಡೆಯ ವಿದ್ಯುತ್ ಸರಬರಾಜು ಕಂಪನಿ ಚೆಸ್ಕಾಂನ ಕಂಬ, ಚೆಸ್ಕಾಂ ತಂತಿಯ ಮೇಲೇ. ಜುಲೈ ಗಾಳಿಗೆ ಸಿಲ್ವರ್ ಓಕ್ ಮುರಿದು ಲೈನ್ ಮೇಲೆ ಬಿದ್ದರೆ ಎಲ್ಲೋ ದೂರದ ಚಿತ್ರದುರ್ಗದಲ್ಲಿರುವ ಸೋಲಾರ್ ಪ್ಲಾಂಟ್ ನಮಗೇನು ಮಾಡುತ್ತದೆ? ಕೊಡಗಿನಲ್ಲಿ ಒಂದು ಮಳೆಗಾಲ ಕಳೆದ ಯಾರಿಗಾದರೂ ಇದು ಗೊತ್ತು.

ಅವರು ಹೋದ ಮೇಲೆ ಲೆಟರ್‌ಹೆಡ್ ತೆಗೆದುಕೊಂಡು ಕೂತೆ. ಮೇಲೆ ದಪ್ಪ ಅಕ್ಷರದಲ್ಲಿ ಪ್ರೈವೇಟ್ ಲಿಮಿಟೆಡ್ ಎಂದಿತ್ತು. ಕೆಳಗೆ ಜಿಎಸ್‌ಟಿ ನಂಬರ್. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರ ಪ್ಯಾನ್ ನಂಬರ್. ಪ್ಯಾನ್‌ನ ನಾಲ್ಕನೇ ಅಕ್ಷರ ಅದು ಯಾರದು ಎಂದು ಹೇಳಿಬಿಡುತ್ತದೆ: ಕಂಪನಿಗೆ 'ಸಿ', ಪಾಲುದಾರಿಕೆ ಫರ್ಮ್‌ಗೆ 'ಎಫ್', ಒಬ್ಬ ವ್ಯಕ್ತಿಗೆ 'ಪಿ'. ಅಂದರೆ ಜಿಎಸ್‌ಟಿ ನಂಬರಿನಲ್ಲಿ ಆರನೇ ಅಕ್ಷರ ನೋಡಿದರೆ ಆಯಿತು. ಬೆರಳಿಟ್ಟು ಎಣಿಸಿದೆ. 'ಪಿ' ಇತ್ತು. ಜಿಎಸ್‌ಟಿ ಪೋರ್ಟಲ್‌ಗೆ ಹಾಕಿದರೆ ಒಬ್ಬ ವ್ಯಕ್ತಿಯ ಹೆಸರು ಬಂತು, ಅಡ್ವಾನ್ಸ್ ಹಾಕಿ ಎಂದು ಕೊಟ್ಟಿದ್ದ ಬ್ಯಾಂಕ್ ಖಾತೆಯೂ ಅದೇ ಹೆಸರಿನಲ್ಲಿತ್ತು.

ಕಂಪನಿ ಆದರೆ ಲೆಟರ್‌ಹೆಡ್ ಮೇಲೆ ಸಿಐಎನ್ ಎಂಬ 21 ಅಕ್ಷರದ ಕಂಪನಿ ಗುರುತಿನ ನಂಬರ್ ಇರಲೇಬೇಕು, 2013ರ ಕಂಪನಿ ಕಾಯ್ದೆಯ ನಿಯಮ ಅದು. ಇವರದ್ದರಲ್ಲಿ ಇರಲಿಲ್ಲ. ಫೋನ್ ಮಾಡಿ ಕೇಳಿ ತೆಗೆದುಕೊಂಡೆ. ಆ ನಂಬರಿನ ಮಧ್ಯದಲ್ಲಿ ಕಂಪನಿ ನೋಂದಣಿಯಾದ ವರ್ಷ ಇರುತ್ತದೆ. 15 ವರ್ಷದ ಅನುಭವ ಎಂದವರ ನಂಬರಿನಲ್ಲಿ 2021 ಇತ್ತು. ಖಾತೆ ಯಾಕೆ ಬೇರೆ ಹೆಸರಿನಲ್ಲಿದೆ ಎಂದು ಕೇಳಿದರೆ 'ಅದು ನಮ್ಮ ಸಿಸ್ಟರ್ ಕನ್ಸರ್ನ್ ಮೇಡಂ' ಎಂದರು. ಮತ್ತೆ ಅವರು ಫೋನ್ ಎತ್ತಲಿಲ್ಲ.

ಇಷ್ಟಕ್ಕೆ ನನಗೆ ಒಂದು ಪೈಸೆ ಖರ್ಚಾಗಿಲ್ಲ, ಒಂದು ಗಂಟೆ ಹಿಡಿಯಿತು ಅಷ್ಟೇ. ಅವರು ತೋರಿಸಿದ ಜೆರಾಕ್ಸ್ ನೋಡಿ ಸುಮ್ನೆ ತಲೆಯಾಡಿಸಿದ್ದರೆ ಎರಡು ಲಕ್ಷ ಹೋಗುತ್ತಿತ್ತು. ಕಾಗದ ಯಾವ ಕಚೇರಿಯಿಂದ ಬಂದಿದೆಯೋ ಅಲ್ಲೇ ಹೋಗಿ ನೋಡಬೇಕು, ತಂದವರ ಕೈಯಲ್ಲಿ ನೋಡಿದರೆ ಆಗಲ್ಲ.

ಆ ಫೈಲಿನಲ್ಲಿ 'ವಿದ್ಯುತ್ ಉತ್ಪಾದನಾ ಲೈಸೆನ್ಸ್' ಎಂಬ ಒಂದು ಸರ್ಟಿಫಿಕೇಟ್ ಕೂಡ ಇತ್ತು, ಚಿನ್ನದ ಬಣ್ಣದ ಅಂಚಿನದು. 2003ರ ವಿದ್ಯುತ್ ಕಾಯ್ದೆ ಪ್ರಕಾರ ಉತ್ಪಾದನೆಗೆ ಲೈಸೆನ್ಸೇ ಬೇಕಿಲ್ಲ. ಲೈಸೆನ್ಸ್ ಬೇಕಾಗುವುದು ಒಬ್ಬರಿಂದ ಕೊಂಡು ಇನ್ನೊಬ್ಬರಿಗೆ ಮಾರುವ ವ್ಯಾಪಾರಿಗೆ. ರಾಜ್ಯದೊಳಗಾದರೆ ಅದನ್ನು ಕೊಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ರಾಜ್ಯ ದಾಟಿದರೆ ಕೇಂದ್ರದ ಆಯೋಗ. ಬಂದವರು ತಾವೇ ಉತ್ಪಾದಕರೋ, ವ್ಯಾಪಾರಿಯೋ, ಬರೀ ಕಮಿಷನ್ ಏಜೆಂಟೋ ಎಂದು ಮೊದಲೇ ಕೇಳಿಬಿಡಿ. ಉತ್ತರ ಬರೆದು ಕೊಡಲಿ.

ಯಾವ ನಿಯಮದ ಮೇಲೆ ಕೊಡುತ್ತೀರಿ ಎಂಬುದೂ ಬರಹದಲ್ಲೇ ಬರಲಿ. ಕಾಯ್ದೆಯಲ್ಲಿ ಚೆಸ್ಕಾಂ ಬಿಟ್ಟು ಹೊರಗಿನಿಂದ ಕರೆಂಟ್ ಕೊಳ್ಳುವ ಹಕ್ಕು ಇದ್ದದ್ದು ಒಂದು ಮೆಗಾವ್ಯಾಟ್‌ಗಿಂತ ಜಾಸ್ತಿ ಬಳಸುವವರಿಗೆ. 2022ರಲ್ಲಿ ಕೇಂದ್ರ ಸರ್ಕಾರ ಹಸಿರು ವಿದ್ಯುತ್ತಿಗೆ ಅದನ್ನು 100 ಕಿಲೋವ್ಯಾಟ್‌ಗೆ ಇಳಿಸಿತು. 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಆ ನಿಯಮವನ್ನೇ ರದ್ದು ಮಾಡಿತು. ಹೀಗೆ ಬದಲಾಗುವ ವಿಷಯದಲ್ಲಿ ಹಳೇ ಪವರ್‌ಪಾಯಿಂಟ್ ನಂಬಿ 15 ವರ್ಷಕ್ಕೆ ಸಹಿ ಹಾಕಬಾರದು ಅಲ್ವಾ?

ಈಗ ಇನ್ನೊಂದು ಕಂಪನಿ ಬಂದಿದೆ. ಇವರದ್ದು ಗ್ರೂಪ್ ಕ್ಯಾಪ್ಟಿವ್. ಅಂದರೆ ಬಳಸುವವರೆಲ್ಲ ಸೇರಿ ಪ್ಲಾಂಟ್ ಕಂಪನಿಯಲ್ಲಿ ಕನಿಷ್ಠ 26 ಶೇಕಡ ಷೇರು ಹಿಡಿಯಬೇಕು, ವರ್ಷದ ಉತ್ಪಾದನೆಯಲ್ಲಿ 51 ಶೇಕಡ ಆದರೂ ತಾವೇ ಬಳಸಬೇಕು. ಇಲ್ಲದಿದ್ದರೆ ಕ್ಯಾಪ್ಟಿವ್ ಎನ್ನುವುದೇ ಹೋಗಿ ಇಡೀ ವರ್ಷದ ಕರೆಂಟಿಗೆ ಸರ್ಚಾರ್ಜ್, ಅಂದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ನಾವೂ ಷೇರುದಾರರಾಗುವುದರಿಂದ ಆ ಕಂಪನಿಯ ಸಾಲ, ನಿರ್ದೇಶಕರು, ಕೊನೆಯ ಲೆಕ್ಕ ಯಾವಾಗ ಸಲ್ಲಿಸಿದ್ದಾರೆ, ಎಲ್ಲವನ್ನೂ ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ ತೆಗೆಸಿ ನೋಡಿದೆ. ಸಣ್ಣ ಶುಲ್ಕ ಇದೆ, ಕೊಡಿ.

ಇವರು ಕೇಳಿದ್ದೆಲ್ಲ ಕೊಟ್ಟರು. ಪ್ಲಾಂಟ್ ಶುರುವಾದ ಕಮಿಷನಿಂಗ್ ಸರ್ಟಿಫಿಕೇಟ್, ಪ್ಲಾಂಟಿನ ಕರೆಂಟನ್ನು ಸರ್ಕಾರಿ ಲೈನಿನಲ್ಲಿ ಸಾಗಿಸುವ ವ್ಹೀಲಿಂಗ್ ಅಗ್ರಿಮೆಂಟ್, ಈಗಿನ ಒಬ್ಬ ಗ್ರಾಹಕರ ವಿದ್ಯುತ್ ಬಿಲ್. ಬಿಲ್ಲಿನಲ್ಲಿ ಹೊರಗಿನಿಂದ ಬಂದ ಯೂನಿಟ್ ಕಳೆದಿರುವುದು ಬೇರೆ ಸಾಲಿನಲ್ಲಿ ಕಾಣುತ್ತದೆ, ಅದನ್ನೇ ನಾನು ಹುಡುಕುತ್ತಿದ್ದೆ. ಕಾಪಿಗಳನ್ನು ಚೆಸ್ಕಾಂ ಕಚೇರಿಗೆ ಒಯ್ದೆ. ಅಲ್ಲಿನ ಇಂಜಿನಿಯರ್ ಅರ್ಧ ಗಂಟೆ ಕೂತು ನೋಡಿದರು, ಯಾವ ಪುಟ ಗಮನಿಸಬೇಕು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಟ್ಟರು.

ಕಂಪನಿ ಸಾಚಾ. ಕಷ್ಟ ಇರುವುದು ಕರಾರಿನಲ್ಲಿ. ಪ್ರತಿ ತಿಂಗಳೂ ಇಷ್ಟು ಯೂನಿಟ್ ತೆಗೆದುಕೊಳ್ಳಲೇಬೇಕು, ತೆಗೆದುಕೊಳ್ಳದಿದ್ದರೂ ದುಡ್ಡು ಕೊಡಬೇಕು ಎಂಬ ಷರತ್ತು ಹಾಕಿದ್ದಾರೆ. ನಮ್ಮ ಹಲ್ಲರ್, ಗ್ರೇಡರ್ ಯಂತ್ರಗಳು ಓಡುವುದೆಲ್ಲ ಜನವರಿಯಿಂದ ಮಳೆ ಹಿಡಿಯುವವರೆಗೆ. ಆಗಸ್ಟ್‌ನಲ್ಲಿ ಶೆಡ್ಡಿಗೆ ಬಂದರೆ ಎರಡು ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಕಾಫಿ ಕೆಲಸ ಗೊತ್ತಿಲ್ಲದವರು ಬರೆದ ಕರಾರು ಅದು. ವರ್ಷದ ಒಟ್ಟು ಲೆಕ್ಕ ಮಾಡಿ, ತಿಂಗಳ ಲೆಕ್ಕ ಬೇಡ ಎಂದು ತಿದ್ದಿ ಕಳಿಸಿದ್ದೇವೆ.

ಚಿಕ್ಕಪ್ಪ ಈಗ ನನಗಿಂತ ಹುಷಾರು. 'ಪ್ಲಾಂಟನ್ನು ಕಣ್ಣಾರೆ ನೋಡದೆ ಷೇರು ಬೇಡ ಮಗಳೇ' ಎಂದರು. ಮುಂದಿನ ವಾರ ಚಿತ್ರದುರ್ಗಕ್ಕೆ ಹೊರಟಿದ್ದೇವೆ. ಅಗ್ರಿಮೆಂಟಿನಲ್ಲಿರುವ ಮೀಟರ್ ನಂಬರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ಅಲ್ಲಿನ ಮೀಟರ್ ಪಕ್ಕ ನಿಂತು ಓದಿ ನೋಡಬೇಕು.