ಪ್ಲೇಟ್‌ಲೆಟ್ ಪಲ್ಸರ್: ಸದ್ಯಕ್ಕೆ ಉಪ್ಪುನೀರಿನಲ್ಲೇ

ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ ಪ್ಲೇಟ್‌ಲೆಟ್. ಅದಕ್ಕೆ ವಿದ್ಯುತ್ತಿನ ಚಿಕ್ಕ ಹೊಡೆತ (ಪಲ್ಸ್) ಕೊಡುವ ಸಾಧನವೊಂದನ್ನು ನನ್ನ ರಿಪೇರಿ ಅಂಗಡಿಯಲ್ಲಿ ಮಾಡುತ್ತಿದ್ದೇನೆ. ಪಲ್ಸ್ ಈಗ ಸರಿಯಾಗಿ ಬರುತ್ತಿದೆ. 200 ವೋಲ್ಟ್, 10 ಮೈಕ್ರೋಸೆಕೆಂಡ್, ಆಸಿಲೋಸ್ಕೋಪಿನಲ್ಲಿ ನೋಡಿದರೆ ಮೇಲ್ಭಾಗ ಚಪ್ಪಟೆ, ಅಂದರೆ ವೋಲ್ಟೇಜ್ ನಡುವೆ ಜಾರುತ್ತಿಲ್ಲ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಗಾಯ ಬೇಗ ಮಾಯದವರಿಗೆ ಅವರದ್ದೇ ರಕ್ತದಿಂದ ಪ್ಲೇಟ್‌ಲೆಟ್ ಬೇರೆ ಮಾಡಿ, ಅದನ್ನು ಎಬ್ಬಿಸಿ (ಸಕ್ರಿಯಗೊಳಿಸಿ), ಜೆಲ್ ಮಾಡಿ ಹಚ್ಚುವುದುಂಟು. ಎದ್ದ ಪ್ಲೇಟ್‌ಲೆಟ್ ತನ್ನೊಳಗಿನ ಪಿಡಿಜಿಎಫ್, ವಿಇಜಿಎಫ್ ಥರದ ಬೆಳವಣಿಗೆಯ ಅಂಶಗಳನ್ನು ಹೊರಗೆ ಬಿಡುತ್ತದೆ. ಎಬ್ಬಿಸಲು ದನದ ರಕ್ತದಿಂದ ತೆಗೆದ ಥ್ರಾಂಬಿನ್ ಎಂಬ ಹೆಪ್ಪುಗಟ್ಟಿಸುವ ಕಿಣ್ವ ಹಾಕುವ ರೂಢಿ ಇದೆ, ಆದರೆ ಕೆಲವರ ಮೈಯಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟಿ, ರಕ್ತ ಹೆಪ್ಪುಗಟ್ಟಲು ಬೇಕಾದ ಅವರದ್ದೇ ಫ್ಯಾಕ್ಟರ್ 5 ಎಂಬ ಪ್ರೋಟೀನಿನ ಮೇಲೆ ತಿರುಗಿ ಬಿದ್ದು, ರಕ್ತ ನಿಲ್ಲುವುದೇ ಕಷ್ಟವಾಗುತ್ತದೆ. ವಿದ್ಯುತ್ ಪಲ್ಸ್ ಕೊಟ್ಟರೆ ಪೊರೆಯಲ್ಲಿ ಸಣ್ಣ ತೂತು ಬಿದ್ದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಥ್ರಾಂಬಿನ್ ಇಲ್ಲದೆಯೂ ಪ್ಲೇಟ್‌ಲೆಟ್ ಏಳುತ್ತದೆ.

ಇದನ್ನು ನನ್ನ ತಲೆಗೆ ಹೊಗಿಸಿದ್ದು ಮಂಗಳೂರಿನಲ್ಲಿ ಎಂಎಲ್‌ಟಿ (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನ) ಓದುವ ಅಕ್ಕನ ಮಗಳು. "ಮಾವ, ರಕ್ತದ ಹತ್ತಿರ ಹೋಗ್ಬೇಡಿ, ಉಪ್ಪುನೀರು ಸಾಕು" ಅಂತ ಷರತ್ತೂ ಅವಳದ್ದೇ. ಸರಿ ತಾನೇ, ರಿಪೇರಿ ಅಂಗಡಿ ರಕ್ತದ ಜಾಗ ಅಲ್ಲ.

ಸಾಮಾನಿಗೆ ಬರ ಇಲ್ಲ. ನಮ್ಮ ಬದಿಯಡ್ಕದ ಕಡೆ ತುಲಾ ತಿಂಗಳ ಗುಡುಗು ಒಂದು ಸುತ್ತು ಹೊಡೆದರೆ ಅಂಗಡಿ ತುಂಬಾ ಸತ್ತ ಇಂಡಕ್ಷನ್ ಒಲೆಗಳು. ಹೆಚ್ಚಿನವುಗಳಲ್ಲಿ ಐಜಿಬಿಟಿಯೇ (ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಹೋಗಿರುತ್ತದೆ, ಬದುಕಿ ಉಳಿದದ್ದನ್ನು ಹುಡುಕಿ ತೆಗೆದೆ. ಪಲ್ಸ್ ಕೊಡುವ ಡಬ್ಬಿ: ಎರಡು ಅಲ್ಯೂಮಿನಿಯಂ ತಗಡು, ನಡುವೆ 2 ಮಿಮೀ ಅಕ್ರಿಲಿಕ್, ಒಳಗೆ 0.4 ಮಿಲಿ ಸಲೈನ್ (ಉಪ್ಪುನೀರು).

ಎಲ್ಲರೂ ವೋಲ್ಟೇಜಿನ ಬಗ್ಗೆ ಮಾತಾಡುತ್ತಾರೆ. ನಿಜವಾದ ತಲೆನೋವು ಕರೆಂಟು. ಈ ಪುಟ್ಟ ಡಬ್ಬಿಯ ರೋಧ ಬರೀ 6-7 ಓಮ್, ಅಂದರೆ 200 ವೋಲ್ಟಿಗೆ ಸುಮಾರು 30 ಆಂಪಿಯರ್! ಒಲೆಯದ್ದೇ 5 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಪಲ್ಸ್ ಮುಗಿಯುವಷ್ಟರಲ್ಲಿ ವೋಲ್ಟೇಜ್ 150ರ ಹತ್ತಿರ ಜಾರುತ್ತದೆ. 100 ಮೈಕ್ರೋಫ್ಯಾರಡ್ ಹಾಕಿದ ಮೇಲೆ ಜಾರುವುದು ನಿಂತಿತು. ನೀರು ಬಿಸಿಯಾಗುವುದೇ ಇಲ್ಲ, ಲೆಕ್ಕ ಹಾಕಿದರೆ ಒಂದು ಪಲ್ಸಿಗೆ 0.04 ಡಿಗ್ರಿಯೂ ಏರುವುದಿಲ್ಲ. ಆದರೆ ಮತ್ತೆ ಮತ್ತೆ ಹೊಡೆದರೆ ತಗಡಿನ ಮೇಲೆ ಸೂಜಿಮೊನೆಯಷ್ಟು ಗುಳ್ಳೆ ಏಳುತ್ತವೆ, ಹೊಳಪು ಹೋಗಿ ಬೂದಿ ಬಣ್ಣ ಬರುತ್ತದೆ. ಇದು ನನಗೆ ಇಷ್ಟವಾಗಲಿಲ್ಲ. ಲೋಹ ಕರಗಿ ಗಾಯಕ್ಕೆ ಹೋಗುವುದು ಯಾರಿಗೆ ಬೇಕು?

ಇನ್ನೊಂದು ವಿಷಯ. ಕೋಶ ಚಿಕ್ಕದಾದಷ್ಟೂ ಪೊರೆಯ ಮೇಲೆ ಬೀಳುವ ವೋಲ್ಟೇಜ್ ಕಡಿಮೆ. ಪ್ಲೇಟ್‌ಲೆಟ್ ಅಗಲ 2-3 ಮೈಕ್ರಾನ್ ಅಷ್ಟೇ, ಕೆಂಪು ರಕ್ತಕಣ 7-8. ನನ್ನ ಈಗಿನ 1 ಕಿಲೋವೋಲ್ಟ್ ಪರ್ ಸೆಂಮೀಗೆ (2 ಮಿಮೀ ಅಂತರಕ್ಕೆ 200 ವೋಲ್ಟ್) ಪ್ಲೇಟ್‌ಲೆಟ್ ಪೊರೆಯಲ್ಲಿ ಹೆಚ್ಚೆಂದರೆ 0.2 ವೋಲ್ಟ್ ಏಳಬಹುದು, ತೂತು ಬೀಳಲು ಅರ್ಧದಿಂದ ಒಂದು ವೋಲ್ಟ್ ಬೇಕು. ಅಂದರೆ ಕೆಂಪು ಕಣವೇ ಮೊದಲು ಒಡೆದೀತು. ಹಾಗಾಗಿ ಪ್ಲೇಟ್‌ಲೆಟ್ ಬೇರೆ ಮಾಡಿಕೊಂಡೇ ಈ ಕೆಲಸ ಮಾಡುವುದು ಒಳ್ಳೆಯದು ಅಂತ ನನಗನಿಸುತ್ತದೆ.

ಪೊರೆಯ ಮೇಲಿನ ವೋಲ್ಟೇಜ್ ಏರಿಸಲು ಮುಂದಿನದು: 400 ವೋಲ್ಟ್, 1 ಮಿಮೀ ಅಂತರ, ತಗಡು ಅರ್ಧ ಚದರ ಸೆಂಮೀಗೆ ಇಳಿಕೆ. ಆಗ ಕರೆಂಟು ಅದೇ 30 ಆಂಪಿಯರ್, ಐಜಿಬಿಟಿ ತಡೆಯುತ್ತದೆ. ಡಬ್ಬಿಯಲ್ಲಿ ಹಿಡಿಯುವುದು ಮಾತ್ರ 0.05 ಮಿಲಿ, ಒಂದು ಹನಿ ಅಂದುಕೊಳ್ಳಿ. ಮಾಡುವವರು ಯಾರಾದರೂ ಇದ್ದರೆ, ಕೆಪಾಸಿಟರ್ ಮೇಲೆ ಬ್ಲೀಡರ್ ರೆಸಿಸ್ಟರ್ (ಉಳಿದ ಚಾರ್ಜ್ ಇಳಿಸುವ ರೋಧಕ) ಹಾಕದೆ ಕೈ ಇಡಬೇಡಿ. 100 ಮೈಕ್ರೋಫ್ಯಾರಡ್ 400 ವೋಲ್ಟಿನಲ್ಲಿ 8 ಜೌಲ್ ಇಟ್ಟುಕೊಂಡಿರುತ್ತದೆ, ಅದು ತಮಾಷೆ ಅಲ್ಲ.